ಗುಡುಗಿಗೆ ಕಿತ್ತ ವಯರು

ಪುನೀತನ ಅಪ್ಪ ಬೀರನನ್ನು ಆನೆ ತುಳಿದ ದಿನ ಕಾಫಿ ಎಸ್ಟೇಟಿನ ಕೂಲಿಗಳ ಲೈನ್‌ಮನೆಗಳಲ್ಲಿ ಹತ್ತು ಮೊಬೈಲುಗಳಿದ್ದವು, ಒಂದರಲ್ಲೂ ಸಿಗ್ನಲ್ ಇರಲಿಲ್ಲ. ಒಂಟಿ ಸಲಗ ಹೊಳೆ ದಾಟಿದ ಸುದ್ದಿ ನೆಲ್ಯಹುದಿಕೇರಿಯ ಜೀಪ್ ಡ್ರೈವರುಗಳ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಆರಕ್ಕೇ ಬಿದ್ದಿತ್ತು. ಏಳಕ್ಕೆ ಬೀರ ಅದರ ಕಾಲಿಗೆ ಸಿಕ್ಕಿದ. ಅವನನ್ನು ಹೊತ್ತುಕೊಂಡು ಬರುವ ಹಾಗಿರಲಿಲ್ಲ, ಕಂಬಳಿಗೆ ಬಾಚಿ ತುಂಬಿಕೊಂಡು ಬಂದರು. ಮಾಲೀಕರು ಹೂವಿನ ಹಾರ ಕಳಿಸಿದರು. ತೋಟದಲ್ಲಿ ಒಂದು ಟವರ್ ಹಾಕಲು ಜಾಗ ಕೊಡಿ ಅಂದರೆ ತೋಟದ ಅಂದ ಕೆಡುತ್ತದೆ ಅಂದರು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಪುನೀತ ಆಗ ಕುಶಾಲನಗರದ ಒಬ್ಬ ಕೇಬಲ್‌ನವನ ಹತ್ತಿರ ಕಂಬ ಹತ್ತುತ್ತಿದ್ದ. ಅಪ್ಪನನ್ನು ಮಣ್ಣು ಮಾಡಿದ ತಿಂಗಳಿಗೇ ಮೇನ್ ರೋಡಿನಿಂದ ಶುರುಮಾಡಿ, ನೆರಳಿಗೆ ಬೆಳೆಸಿದ ಸಿಲ್ವರ್ ಮರದಿಂದ ಮರಕ್ಕೆ ಫೈಬರ್ ಎಳೆದು ಕೂಲಿಗಳ ಲೆಕ್ಕ ಬರೆಯುವ ರೈಟರ್ ರೇಣುಕಪ್ರಸಾದನ ಮನೆಗೆ ಇಳಿಸಿದ. ದಿನಾ ಕೆಲಸದ ಫೋಟೋ ಮಾಲೀಕರಿಗೆ ಕಳಿಸಲು ರೈಟರನಿಗೂ ನೆಟ್ ಬೇಕಿತ್ತು. ಪುನೀತನದು ಒಂದೇ ಷರತ್ತು. ಮನೆಯ ರೂಟರಿನಿಂದ ಒಂದು ಹಳದಿ ವಯರು ಕೆಳಗಿನ ಲೈನಿಗೆ ಹೋಗಬೇಕು, ಅಲ್ಲಿ ಅವನ ಅವ್ವ ಸುಬ್ಬಿಯ ಮನೆ ಗೋಡೆಗೆ ಇನ್ನೊಂದು ವೈಫೈ ಡಬ್ಬಿ ಕೂರಬೇಕು. ಆನೆ ಓಡಾಡುವ ಕಾಡಂಚಿನಲ್ಲಿ ಮರ ಹತ್ತಲು ಬೇರೆ ಯಾವ ಗಂಡಸೂ ಸಿಗದ್ದರಿಂದ ರೈಟರ್ ಒಪ್ಪಿದ.

ಅಲ್ಲಿಂದಾಚೆಗೆ ಲೈನಿನ ಹೆಂಗಸರು ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಆ ಗೋಡೆಯ ಹತ್ತಿರ ನಿಲ್ಲುವುದು ರೂಢಿಯಾಯಿತು. ಜೀಪಿನವರ ಗುಂಪಿನ ಸುದ್ದಿಗೆ ಮೊಬೈಲ್ ಟಣ್ ಅಂದರೆ ಪುನೀತನ ತಂಗಿ ಸುಮಿತಾ ಓದಿ ಹೇಳುವಳು: ತೋಟದ ಇಂಥ ಬ್ಲಾಕಿನಲ್ಲಿ ಆನೆ ಇದೆ, ಹೋಗಬೇಡಿ. ಮೊಬೈಲ್ ಬಾಯಿ ಬಿಡದಿದ್ದರೆ ಆನೆ ಇಲ್ಲ ಅಂತ ಲೆಕ್ಕ, ಮೆಣಸು ಕೊಯ್ಯುವ ಏಣಿಯೋ ಕುಕ್ಕೆಯೋ ಎತ್ತಿಕೊಂಡು ನಡೆಯುವರು. ಎರಡು ವರ್ಷ ಒಂದೂ ಹೆಣ ಬೀಳಲಿಲ್ಲ. ಸುಬ್ಬಿ ಆ ಡಬ್ಬಿಯನ್ನು ದಿನಾ ಸೆರಗಿನಿಂದ ಒರೆಸುತ್ತಿದ್ದಳು.

ಹೋದ ವರ್ಷ ಕಾಫಿ ಹೂ ಅರಳಿಸುವ ಹೂಮಳೆಗೆ ಬಂದ ಸಿಡಿಲು ರೈಟರ್ ಮನೆಯ ರೂಟರನ್ನು ಕಪ್ಪಗೆ ಸುಟ್ಟು ಹಾಕಿತು. ಪುನೀತ ಹೊಸದು ಹಾಕಿ, ಇಡೀ ದಿನ ಮನೆಯಲ್ಲಿರುವ ರೈಟರನ ತಾಯಿ ರುದ್ರಮ್ಮನಿಗೆ ಪಾಠ ಮಾಡಿದ. ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೂ ಹಳದಿ ವಯರನ್ನೂ ಕಿತ್ತುಬಿಡಬೇಕು. ಮುದುಕಿ ಅಷ್ಟನ್ನೂ ಸರಿಯಾಗಿ ಮಾಡಿದಳು. ಒಂದು ಸಲ ಮಾತ್ರ ಮಳೆ ನಿಂತ ಮೇಲೆ ವಯರನ್ನು ಬೇರೆ ತೂತಿಗೆ ಚುಚ್ಚಿ, ಲೈನಿನಲ್ಲಿ ಎರಡು ದಿನ ನೆಟ್ ಇಲ್ಲದ ಹಾಗಾಯಿತು. ಅವತ್ತು ಪುನೀತ ಅವಳ ವಯಸ್ಸನ್ನೂ ನೋಡಲಿಲ್ಲ.

"ಅಜ್ಜಿ, ಕೀಳೋದಷ್ಟೇ ನಿಮ್ ಕೆಲ್ಸ. ಹಾಕೋದು ನಾನು. ನಾ ಬರೋಗಂಟ ಅದನ್ನ ಮುಟ್ಟಂಗಿಲ್ಲ, ತಿಳೀತಾ?"

ರುದ್ರಮ್ಮ ತಲೆ ಅಲ್ಲಾಡಿಸಿದಳು. ಅಂದಿನಿಂದ ಗುಡುಗಿಗೆ ಅವಳು ಕೀಳುವಳು, ಮಳೆ ನಿಂತ ಮೇಲೆ ಅವನು ಬಂದು ಹಾಕುವನು.

ಈ ವರ್ಷ ಕರಿಮೆಣಸಿನ ಕೊಯ್ಲು ತಡವಾಗಿ, ಇನ್ನೂ ಬಳ್ಳಿಯಲ್ಲಿ ಮೆಣಸು ಇರುವಾಗಲೇ ಹೂಮಳೆಯ ಮೋಡ ಕಟ್ಟಿತು. ಅದೇ ವಾರ ರೈಟರನಿಗೂ ಪುನೀತನಿಗೂ ಜಗಳ ಹತ್ತಿತು. ಲೈನಿನವರು ಧಾರಾವಾಹಿ ನೋಡಿ ನೋಡಿ ತನ್ನ ಫೋಟೋ ಹೋಗುತ್ತಿಲ್ಲ, ಮಾಲೀಕರು ಬೈಯುತ್ತಿದ್ದಾರೆ ಅಂತ ರೈಟರ್ ಎಲ್ಲರ ಮುಂದೆ ಎಗರಾಡಿದ. "ನಿಮ್ಮಂಥೋರಿಗೆ ನೆಟ್ ಕೊಟ್ಟಿದ್ದೇ ತಪ್ಪು ಕಣೋ. ಇನ್ನೊಂದ್ಸಲ ಸ್ಲೋ ಆದ್ರೆ ವಯರ್ ಕಿತ್ತು ಹೊಳೆಗೆ ಬಿಸಾಕ್ತೀನಿ," ಅಂದ. ನಿಮ್ಮಂಥೋರು ಅನ್ನುವ ಮಾತು ಪುನೀತನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು.

ಮಾರನೆಯ ಸಂಜೆ ಗುಡುಗು ಸಿಡಿಲು ಎದ್ದವು. ಕುಶಾಲನಗರದಲ್ಲಿ ಅರ್ಧ ಊರಿನ ವಯರು ಹರಿದು ಪುನೀತ ಅಲ್ಲೇ ಉಳಿಯಬೇಕಾಯಿತು. ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಕೂತಿದ್ದಾಗ ಅವನ ಮೊಬೈಲ್ ಟಣ್ ಅಂದಿತು. ಒಂಟಿ ಸಲಗ, ಏಳನೇ ಬ್ಲಾಕ್, ಹಲಸಿನ ಮರದ ಬುಡ, ಹೆಂಗಸರನ್ನು ಬಿಡಬೇಡಿ. ಅದು ಅವನ ಎಸ್ಟೇಟಿನದೇ ಬ್ಲಾಕು. ಸುಮಿತಾ ಈಗ ಓದಿ ಹೇಳುತ್ತಿರುತ್ತಾಳೆ ಅಂದುಕೊಂಡು ಮೊಬೈಲನ್ನು ಜೇಬಿಗೆ ಹಾಕಿ ನಿದ್ದೆಗೆ ಜಾರಿದ.

ಅವನು ಲೈನಿಗೆ ಇಳಿಯುವಾಗ ಸುಬ್ಬಿಯನ್ನು ಮೆಣಸು ಕೊಯ್ಯುವ ಬಿದಿರೇಣಿಯ ಮೇಲೆ ಮಲಗಿಸಿ ತರುತ್ತಿದ್ದರು. ಏಣಿಯ ಮೇಲಿದ್ದವಳನ್ನು ಆನೆ ಏಣಿ ಸಮೇತ ಎಳೆದು ಎಸೆದಿತ್ತು. ಬಲಗಾಲು ಹಿಂದುಮುಂದಾಗಿ ತಿರುಗಿತ್ತು, ಮಂಡಿಯ ಹತ್ತಿರ ಮೂಳೆ ಸೀರೆ ಹರಿದುಕೊಂಡು ಹೊರಗೆ ಬಂದಿತ್ತು. ಉಸಿರಾಡಿದಾಗಲೆಲ್ಲ ಬಾಯಿಂದ ಕೆಂಪು ನೊರೆ. ಜೀಪಿನ ಹಿಂದೆ ಅವಳನ್ನು ಮಲಗಿಸಿ ಸುಮಿತಾ ಅಣ್ಣನಿಗೂ ಹತ್ತು ಅಂದಳು.

ಪುನೀತ ಗೋಡೆ ನೋಡಿದ. ಡಬ್ಬಿಯಲ್ಲಿ ನೆಟ್ಟಿನ ದೀಪ ಇರಲಿಲ್ಲ. ವಯರ್ ಕಿತ್ತು ಬಿಸಾಕ್ತೀನಿ ಅಂದಿದ್ದ ರೈಟರ್ ನೆನಪಾದ.

"ನೀವು ಹೋಗ್ತಿರಿ. ನಂಗೊಂದ್ ಕೆಲ್ಸ ಐತೆ," ಅಂದ. ಸುಮಿತಾ ಅವನ ಅಂಗಿ ಹಿಡಿದಳು. ಅವನು ಕೊಸರಿಕೊಂಡ. ಜೀಪು ಮಡಿಕೇರಿಯ ಕಡೆಗೆ ಹೊರಟಿತು.

ಪುನೀತ ಮೇಲಕ್ಕೆ ಹೋದಾಗ ರೈಟರ್ ತನ್ನ ಮನೆಯ ಅಂಗಳದಲ್ಲಿ ಬೈಕಿಗೆ ಕೀ ಹಾಕುತ್ತಿದ್ದ. ಪ್ಯಾಂಟು ಮೊಣಕಾಲಿನವರೆಗೂ ಕೆಸರು, ಮೈಯೆಲ್ಲ ಬೆವರು. ಯಾಕೆ ಅಂತ ಪುನೀತ ಕೇಳಲಿಲ್ಲ. ಕಂಬ ಹತ್ತುವ ಬೆಲ್ಟನ್ನು ಹೆಗಲಿನಿಂದ ತೆಗೆದು ಬೀಸಿದ. ಅದರ ಕಬ್ಬಿಣದ ಕೊಕ್ಕೆ ರೈಟರನ ಕೆನ್ನೆ ಸೀಳಿತು. ಅವನು ಬೈಕಿನ ಸಮೇತ ಉರುಳಿದ. ಪುನೀತ ಪಕ್ಕೆಗೆ ಒದ್ದ, ಹೊಟ್ಟೆಗೆ ಒದ್ದ, ಎದೆಯ ಮೇಲೆ ಕೂತು ಬಾಯಿಗೆ ಗುದ್ದಿದ. ಅಪ್ಪನಿಗೆ ಬಂದ ಹಾರಕ್ಕೆ ಒಂದು, ಕೆಡದೆ ಉಳಿದ ತೋಟದ ಅಂದಕ್ಕೆ ಒಂದು, ನಿಮ್ಮಂಥೋರು ಅಂದಿದ್ದಕ್ಕೆ ಎಣಿಸದಷ್ಟು. ಒಂದು ಗುದ್ದಿಗೆ ರೈಟರ್ ಮುಖ ತಿರುಗಿಸಿದ. ಪುನೀತನ ಎಡಗೈ ನೆಲದ ಕಲ್ಲಿಗೆ ಬಡಿದು ಎರಡು ಬೆರಳು ಲಟಕ್ಕೆಂದವು. ಅವನಿಗೆ ಅದೂ ತಿಳಿಯಲಿಲ್ಲ. ಲೈನಿನ ಹೆಂಗಸರು ಗೇಟಿನ ಹತ್ತಿರ ಬಂದು ನಿಂತರು. ಯಾರೂ ಬಿಡಿಸಲಿಲ್ಲ.

ಬಿಡಿಸಿದ್ದು ರುದ್ರಮ್ಮ. ಬಗ್ಗಿದ ಬೆನ್ನಿನಲ್ಲೇ ಬಂದು ಅವನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ಎಳೆದಳು.

"ಅವನ್ನ ಯಾಕ್ಲಾ ಕೊಲ್ತೀಯ? ಕಿತ್ತೋಳು ನಾನು. ನಿನ್ನೆ ಗುಡುಗ್ತು, ನೀ ಹೇಳಿದಂಗೇ ಕಿತ್ತೆ. ಹಾಕಾಕೆ ನೀನು ಬರ್ಬೇಕಿತ್ತು. ಬರ್ಲಿಲ್ಲ."

ರಾತ್ರಿಯೆಲ್ಲ ಕರೆಂಟೂ ಇರಲಿಲ್ಲವಂತೆ. ಬೆಳಗಿನ ಜಾವ ಕರೆಂಟು ಬಂದಾಗ ನೆಟ್ಟಿನ ನೆನಪು ಮಗನಿಗೂ ಆಗಲಿಲ್ಲ, ಲೈನಿನವರಿಗೂ ಆಗಲಿಲ್ಲ. ಮೊಬೈಲ್ ಬಾಯಿ ಬಿಡಲಿಲ್ಲ, ಹೆಂಗಸರು ಏಣಿ ಎತ್ತಿದರು. ಸುಬ್ಬಿಯ ಕೂಗು ಕೇಳಿ ಮೇನ್ ರೋಡಿನವರೆಗೆ ಓಡಿ ಜೀಪು ಹಿಡಿದು ತಂದವನು ಇದೇ ರೈಟರ್.

ಪುನೀತ ಎದ್ದು ಒಳಗೆ ಹೋದ. ರೂಟರಿನ ಮೇಲೆ ಮುದುಕಿ ಒಗೆದ ಬಿಳಿ ಬಟ್ಟೆ ಮುಚ್ಚಿದ್ದಳು. ಪಕ್ಕದಲ್ಲಿ ಪ್ಲಗ್ಗು, ಸುತ್ತಿಟ್ಟ ಹಳದಿ ವಯರು. ಪ್ಲಗ್ಗು ಬಲಗೈಯಲ್ಲೇ ಒಳಗೆ ಹೋಯಿತು. ವಯರನ್ನು ಹಿಡಿಯಲು ಎಡಗೈ ಬೆರಳು ಮಡಿಸಲಾಗಲಿಲ್ಲ, ಬಲಗೈ ಒಂದಕ್ಕೇ ರೂಟರ್ ಜಾರಿ ಜಾರಿ ತೂತು ಸಿಗಲಿಲ್ಲ. ರುದ್ರಮ್ಮ ವಯರನ್ನು ಅವನ ಕೈಯಿಂದ ತೆಗೆದುಕೊಂಡು ಒಂದೇ ಸಲಕ್ಕೆ ಟಕ್ಕೆಂದು ಕೂರಿಸಿದಳು. ಸರಿಯಾದ ತೂತಿಗೇ.

"ಮೂಲೇದು ಅಲ್ವೇನಪ್ಪ? ಅವತ್ತೇ ಗೊತ್ತಾಯ್ತು ನಂಗೆ," ಅಂದಳು. "ನೀನೇ ಮುಟ್ಟಂಗಿಲ್ಲ ಅಂದೆ."

ಕೆಂಪು ದೀಪ ಮಿಣುಕಿತು, ಹಸಿರಾಯಿತು. ಗೇಟಿನ ಹತ್ತಿರ ನಿಂತಿದ್ದ ಹೆಂಗಸರ ಮೊಬೈಲುಗಳು ಸೊಂಟದಲ್ಲೇ ಒಂದೊಂದಾಗಿ ಟಣ್ ಅಂದವು. ಒಂಟಿ ಸಲಗ, ಏಳನೇ ಬ್ಲಾಕ್, ಹಲಸಿನ ಮರದ ಬುಡ. ಒಬ್ಬಳೂ ತೆಗೆದು ನೋಡಲಿಲ್ಲ. ಪುನೀತನ ಜೇಬಿನಲ್ಲೂ ಒಂದು ಬಂತು, ದಾರಿಯಿಂದ ಸುಮಿತಾ ಕಳಿಸಿದ್ದ ಧ್ವನಿ. ಜೀಪಿನ ಸದ್ದಿನ ನಡುವೆ ಅವಳು ಹೇಳುತ್ತಿದ್ದಳು: "ಅಣ್ಣ, ಅವ್ವ ಕಣ್ ಬಿಟ್ಟವ್ಳೆ. ನಿನ್ನೇ ಕೇಳ್ತಾವ್ಳೆ. ಬೇಗ ಬಾ, ಇನ್ನೊಂದ್ ಗಂಟೆ ತಡೀತಾಳೋ ಇಲ್ವೋ."

ಅಂಗಳಕ್ಕೆ ಬಂದು ಬೈಕನ್ನು ಎತ್ತಿದ. ಕ್ಲಚ್ಚು ಎಡಗೈಗೆ ಬಗ್ಗಲಿಲ್ಲ. ಎರಡು ಸಲ ನೋಡಿದ, ಮೂರನೆಯ ಸಲಕ್ಕೆ ನೋವಿಗೆ ಕಣ್ಣು ಕತ್ತಲೆ ಬಂತು. ರೈಟರ್ ಗೋಡೆ ಹಿಡಿದು ಎದ್ದ. ಒಂದು ಹಲ್ಲು ಉಗಿದ, ಅಂಗಿಯ ತೋಳಿನಿಂದ ಕೆನ್ನೆ ಒತ್ತಿಕೊಂಡ, ಬಂದು ಅವನನ್ನು ಬೈಕಿನಿಂದ ಪಕ್ಕಕ್ಕೆ ತಳ್ಳಿದ.

"ಹಿಂದೆ ಕೂತ್ಕೋ. ನಿಮ್ಮವ್ವನ್ನ ನೋಡು ಮೊದ್ಲು. ಆಮೇಲೆ ನಿನ್ ಹಲ್ಲು ಉದುರಿಸ್ತೀನಿ."

ಪುನೀತ ಕೂತ. ಬೈಕು ಕಾಫಿ ಗಿಡಗಳ ನಡುವೆ ಏರು ಹತ್ತಿ ಮೇನ್ ರೋಡಿಗೆ ಬಿದ್ದಿತು. ಗಾಳಿಗೆ ರೈಟರನ ಕೆನ್ನೆಯ ರಕ್ತ ಹಿಂದಕ್ಕೆ ಹಾರಿ ಅವನ ಮುಖಕ್ಕೆ ಬೀಳುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ. ಇನ್ನೂ ಜೋರಾಗಿ ಹೋಗು ಅಂತ ಮುರಿದ ಕೈಯಲ್ಲಿ ರೈಟರನ ಬೆನ್ನಿಗೆ ಗುದ್ದುತ್ತಲೇ ಇದ್ದ.