ಪರಿಶೀಲಿಸಿ ಮಂಡಿಸಿ

ಮನೆಯಲ್ಲಿ ಸುಲ್ತಾನಾಳಿಗೆ ಅಭಿಪ್ರಾಯಗಳ ಬರ ಎಂದೂ ಬಿದ್ದಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ, ಎದುರುಮನೆಯವರು ಗೋಡೆಗೆ ಬಳಿಸಿದ ಗುಲಾಬಿ ಬಣ್ಣ ಮನುಷ್ಯರು ನೋಡುವಂಥದ್ದೋ ಅಲ್ಲವೋ, ಗಂಡ ಉಸ್ಮಾನನಿಗೆ ಮೀಸೆ ಇರಬೇಕೋ ಹೋಗಬೇಕೋ, ಯಾವುದಕ್ಕೂ ಕೇಳುವವರು ಕೇಳಿ ಮುಗಿಸುವ ಮೊದಲೇ ತೀರ್ಪು ಹೊರಬಿದ್ದಿರುತ್ತಿತ್ತು. ಆದರೆ ಬೆಳಿಗ್ಗೆ ತಹಶೀಲ್ದಾರರ ಕಚೇರಿಯ ಮೆಟ್ಟಿಲು ಹತ್ತಿದಳೆಂದರೆ ಅದೇ ಬಾಯಿಗೆ ಒಂದೇ ಮಾತು ಗೊತ್ತಿತ್ತು: "ಸಾಹೇಬ್ರು ಹ್ಯಾಂಗ ಅಂತಾರ ಹಂಗ್ರಿ."

ಆ ಕಚೇರಿ ಈ ಕಬ್ಬಿನ ಸೀಮೆಯ ಯಾವ ಊರಿನದು ಎಂಬುದು ಬೇಡ. ನಾಳೆ ನಮಗೂ ಅಲ್ಲಿ ಕೆಲಸ ಬೀಳುತ್ತದೆ. ಸುಲ್ತಾನಾ ಅಲ್ಲಿ ಗುಮಾಸ್ತೆ. ವಾರವಾರ ಹಳ್ಳಿಯಿಂದ ಬಸ್ಸು ಹಿಡಿದು ಬಂದು ಆಕೆಯ ಮೇಜಿನ ಮುಂದೆ ಕೂರುತ್ತಿದ್ದ ಮುದುಕಿ ಸತ್ತೆವ್ವನಿಗೂ ಅಂಥದೇ ಉತ್ತರ ಸಿಗುತ್ತಿತ್ತು. ಸತ್ತೆವ್ವನ ಹೊಲಕ್ಕೆ ಹೋಗುವ ಬಂಡಿದಾರಿಯ ಮೇಲೆ ನೆರೆಹೊಲದವನು ಕಬ್ಬು ನೆಟ್ಟುಬಿಟ್ಟಿದ್ದ. ಆಕೆಯ ಕಬ್ಬು ಕಟಾವಿಗೆ ಬಂದು ನಿಂತಿತ್ತು, ಟ್ರ್ಯಾಕ್ಟರಿಗೆ ದಾರಿಯಿರಲಿಲ್ಲ.

"ಅರ್ಜಿ ಸಾಹೇಬ್ರ ಕಡೆ ಐತಿ ಆಯಿ," ಎನ್ನುತ್ತಿದ್ದಳು ಸುಲ್ತಾನಾ.

"ಹೋದ ವಾರ ಸಾಹೇಬ್ರು ನಿಮ್ಮ ಕಡೆ ಐತಿ ಅಂದ್ರಲ್ಲವ್ವಾ," ಎನ್ನುತ್ತಿದ್ದಳು ಸತ್ತೆವ್ವ. ಇಬ್ಬರ ಮಾತೂ ಖರೆಯೇ ಆಗಿತ್ತು.

ಇಂಥ ಸುಲ್ತಾನಾ ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಮಾಡಲು ಹೊರಟಿದ್ದಳು. ನೌಕರಿಯಲ್ಲಿ ಇರುವವರಿಗೆಂದೇ ಚಿಕ್ಕೋಡಿಯಲ್ಲಿ ಭಾನುವಾರದ ತರಗತಿ ನಡೆಯುತ್ತಿತ್ತು. ಮದುವೆಯಾದ ಮೇಲೆ ಬಿ.ಎ.ಯನ್ನು ಒಲೆಯ ಮುಂದೆ ಕೂತು ಅಂಚೆಯಲ್ಲೇ ಮುಗಿಸಿದ್ದವಳಿಗೆ ನಿಜವಾದ ಬೆಂಚಿನ ಮೇಲೆ ಕೂತು, ಹಾಜರಿ ಕರೆದಾಗ "ಹಾಜರ್ರಿ" ಎನ್ನುವ ಆಸೆ ಎದೆಯಲ್ಲೇ ಉಳಿದುಹೋಗಿತ್ತು. ಮೊದಲ ದಿನ ತನ್ನ ಹೆಸರು ಕೂಗಿದಾಗ ಆಕೆಗೆ ಕಣ್ಣಲ್ಲಿ ನೀರು ಬಂದಿತ್ತು. ಮಿಕ್ಸರ್ ರಿಪೇರಿಯ ಅಂಗಡಿ ಮುಚ್ಚಿ ಬೈಕಿನ ಮೇಲೆ ಕರೆತಂದ ಉಸ್ಮಾನ ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತ ಸಂಜೆಯವರೆಗೂ ಕಾದಿದ್ದ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಆಕೆ ಸೇರಿದ ಸುದ್ದಿ ಕೇಳಿ ತಹಶೀಲ್ದಾರ ಸತ್ಯಪ್ಪನವರೂ ಸೇರಿದರು. ಸಾಹೇಬರು ಸೇರಿದರೆಂದು ಶಿರಸ್ತೇದಾರ ಸೇರಿದ, ಶಿರಸ್ತೇದಾರ ಸೇರಿದನೆಂದು ಉಳಿದವರು ಸೇರಿದರು, ಕೊನೆಗೆ ಬಿ.ಎ. ಪಾಸಾಗಿದ್ದ ಜವಾನ ಕಾಮಣ್ಣನೂ ಸೇರಿಬಿಟ್ಟ. ಅಲ್ಲಿಗೆ ತರಗತಿ ಎಂಬುದು ಭಾನುವಾರದ ಕಚೇರಿಯಾಯಿತು. ಮೊದಲ ಬೆಂಚಿನಲ್ಲಿ ಸಾಹೇಬರು, ಎರಡನೆಯದರಲ್ಲಿ ಶಿರಸ್ತೇದಾರ, ಹೀಗೆ ಹುದ್ದೆಯ ಪ್ರಕಾರ ಇಳಿಯುತ್ತ ಹೋಗಿ ಬಾಗಿಲ ಬಳಿ ಕಾಮಣ್ಣ. ನಿಪ್ಪಾಣಿ, ಅಥಣಿ, ಕಾಗವಾಡ ಕಡೆಯಿಂದ ಬಂದ ನೌಕರರೂ ತಮ್ಮ ತಮ್ಮ ಸಾಲನ್ನು ಹೀಗೆಯೇ ಕಟ್ಟಿಕೊಂಡಿದ್ದರು. ಪಾಠ ಹೇಳುವ ಅಪೂರ್ವ ಮೇಡಂ ಒಳಗೆ ಬಂದರೆ ಅರ್ಧ ಜನ ಏಳುತ್ತಿದ್ದರು. ಸತ್ಯಪ್ಪನವರು ಬಂದರೆ ಇಡೀ ಕೋಣೆ ಏಳುತ್ತಿತ್ತು. ಯಾರಿಗೆ ಪ್ರಶ್ನೆ ಕೇಳಿದರೂ ಅವರ ಕಣ್ಣು ಮೊದಲ ಬೆಂಚಿಗೆ ಹೋಗಿ, ಅಲ್ಲಿಂದ ಅನುಮತಿ ತಂದು, ಆಮೇಲೆ ಬಾಯಿ ತೆರೆಯುತ್ತಿತ್ತು.

ಅಪೂರ್ವ ಮೇಡಂ ವಯಸ್ಸಿನಲ್ಲಿ ಚಿಕ್ಕವಳು, ಹಟದಲ್ಲಿ ದೊಡ್ಡವಳು. ಕೊನೆಯ ವರ್ಷದ ಗುಂಪು ಕೆಲಸಕ್ಕೆ ಒಂದೊಂದು ಕಚೇರಿಯವರನ್ನು ಒಂದೊಂದು ಗುಂಪು ಮಾಡಿ, ಮುಖಂಡರನ್ನು ಚೀಟಿ ಎತ್ತಿ ಆರಿಸಿದಳು. ಚೀಟಿಗೆ ಹುದ್ದೆ ಗೊತ್ತಿರುವುದಿಲ್ಲ. ಅದು ಸುಲ್ತಾನಾಳ ಹೆಸರನ್ನು ಎತ್ತಿತು. "ನಿಮ್ಮ ಕಚೇರಿಯಲ್ಲಿ ಒಂದು ನಿರ್ಧಾರ ಹೇಗೆ ಆಗುತ್ತದೆ? ಸ್ವಂತ ಅಭಿಪ್ರಾಯದೊಂದಿಗೆ ಬರೆದು ಮಂಡಿಸಿರಿ" ಎಂಬ ಪ್ರಶ್ನೆಯ ಹಾಳೆಯನ್ನು ಕೈಗೆ ಕೊಟ್ಟು ಮೇಡಂ ಎಚ್ಚರಿಸಿದಳು: "ಈ ಕೇಂದ್ರ ಮುಂದಿನ ವರ್ಷ ಇರೂದಿಲ್ಲ. ಇದರಾಗ ನಪಾಸಾದ್ರ ಪದವಿ ಕೈಬಿಟ್ಟಂಗ."

ಸೋಮವಾರ ಸುಲ್ತಾನಾ ಮಾಡಿದ ಕೆಲಸವನ್ನು ನೋಡಿರಿ. ಆ ಹಾಳೆಯನ್ನು ಕಡತದೊಳಗೆ ಇಟ್ಟು, ಕೆಂಪು ದಾರ ಕಟ್ಟಿ, "ಸೂಕ್ತ ಆದೇಶಕ್ಕಾಗಿ" ಎಂದು ಬರೆದು ಸಾಹೇಬರ ಮೇಜಿಗೆ ಕಳಿಸಿದಳು. ಬೇಕೆಂದು ಮಾಡಿದ್ದಲ್ಲ, ಅಷ್ಟು ವರ್ಷದ ನೌಕರಿಯಲ್ಲಿ ಕೈಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಸಾಹೇಬರ ಕೈ ಮಾತ್ರ ಏನು ಕಡಿಮೆಯೇ? ಓದದೆಯೇ ಅಂಚಿನಲ್ಲಿ "ಪರಿಶೀಲಿಸಿ ಮಂಡಿಸಿ" ಎಂದು ಬರೆದು ಸಹಿ ಹಾಕಿ ಕೆಳಗಿಳಿಸಿದರು. ಕಡತ ನಡೆಯತೊಡಗಿತು.

ಬರೆಯುವ ಕೆಲಸ ಸಾಹೇಬರು ಯಾರಿಗೋ ಹಂಚಿದ್ದಾರೆ ಎಂದು ನಂಬಿ ಸುಲ್ತಾನಾ ನಿಶ್ಚಿಂತೆಯಿಂದ ಇದ್ದಳು. ಮಂಡಿಸುವ ದಿನದ ಹಿಂದಿನ ಸಂಜೆ ಕಾಮಣ್ಣ ಬಂದು ಕಡತವನ್ನು ಆಕೆಯ ಮೇಜಿನ ಮೇಲಿಟ್ಟ. ಆಕೆ ದಾರ ಬಿಚ್ಚಿ ನೋಡಿದಳು. ಸಾಹೇಬರ ಕೆಳಗೆ ಶಿರಸ್ತೇದಾರನ "ಪರಿಶೀಲಿಸಿ ಮಂಡಿಸಿ". ಅದರ ಕೆಳಗೆ ಇನ್ನೊಬ್ಬನದು, ಮತ್ತೊಬ್ಬನದು. ಎಲ್ಲಕ್ಕಿಂತ ಕೆಳಗೆ ಕಾಮಣ್ಣನ ದುಂಡು ಅಕ್ಷರ: "ನನ್ನ ಕೆಳಗೆ ಯಾರೂ ಇಲ್ಲದ ಕಾರಣ ಹಿಂದಿರುಗಿಸಿದೆ." ಉತ್ತರ ಎಂಬುದು ಒಂದು ಸಾಲೂ ಇರಲಿಲ್ಲ.

"ಇದೇನ್ ಕಾಮಣ್ಣಾ!"

"ನಾ ಯಾರಿಗ್ ಕಳಸ್ಲಿರಿ ಬಾಯಾರ? ಮಂಗಸೂಳಿ ಮಲ್ಲಯ್ಯನ ಆಣಿ, ಹೊರಗ ನಾಯಿ ಒಂದ ಉಳದಿತ್ತು."

ಮನೆಗೆ ಬಂದು ತಾನೇ ಬರೆಯಲು ಕೂತಳು. ಪೆನ್ನು ಹಿಡಿದರೆ "ಸಕ್ಷಮ ಪ್ರಾಧಿಕಾರದ ಆದೇಶದ ಮೇರೆಗೆ" ಎಂಬುದು ತಾನಾಗಿಯೇ ಇಳಿಯುತ್ತಿತ್ತು. ಹರಿದು ಮತ್ತೆ ಬರೆದರೂ ಅದೇ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂಬಂತಾಯಿತು.

"ಅರೇ, ನನ್ನ ಮೀಸಿ ಮ್ಯಾಲ ಬರಿ ಅಂದಿದ್ರ ಈಗ ಒಂದ ಪುಸ್ತಕ ಆಗ್ತಿತ್ತು," ಎಂದ ಉಸ್ಮಾನ. "ಮನ್ಯಾಗಿನ ಬಾಯಿ ಒಂದಿನಾ ಆದ್ರೂ ಚಿಕ್ಕೋಡಿಗೆ ಒಯ್ಯಿ."

ಭಾನುವಾರ ಅವರ ಗುಂಪಿನ ಸರದಿ ಬಂತು. "ಮುಖಂಡರು ಬರ್ರಿ," ಎಂದಳು ಅಪೂರ್ವ ಮೇಡಂ. ಎಲ್ಲರ ಕತ್ತು ಮೊದಲ ಬೆಂಚಿಗೆ ಹೊರಳಿತು. ಸತ್ಯಪ್ಪನವರು ರೂಢಿಯಂತೆ ಎದ್ದು, ಅಂಗಿ ಸರಿಮಾಡಿಕೊಂಡು ಹೇಳಿದರು: "ಕೆಲಸ ಪ್ರಗತಿಯಲ್ಲಿದೆ."

"ಪ್ರಗತಿ ತೋರಿಸ್ರಿ. ಇಲ್ಲಂದ್ರ ಇಡೀ ಗುಂಪು ನಪಾಸು."

ಸಾಹೇಬರು ಶಿರಸ್ತೇದಾರನನ್ನು ನೋಡಿದರು, ಅವನು ಹಿಂದಿನವನನ್ನು ನೋಡಿದ. ಸುಲ್ತಾನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಪದವಿ ಹೋಗುತ್ತದೆ. ಬಾಯಿ ತೆರೆದರೆ ನಾಳೆಯಿಂದ ಅದೇ ಕಚೇರಿ, ಅದೇ ಸಾಹೇಬರು, ತನ್ನ ಗೌಪ್ಯ ವರದಿ ಬರೆಯುವ ಅದೇ ಕೈ. ಹೊರಗೆ ಬೇವಿನ ಮರದ ಕೆಳಗೆ ಚಹಾದ ಕಪ್ಪು ಹಿಡಿದು ಕೂತ ಉಸ್ಮಾನ ಕಿಟಕಿಯಿಂದ ಕಂಡ. ಆಕೆ ಎದ್ದು ನಿಂತಳು.

"ಸಾಹೇಬ್ರ, ನೀವು ಕುಂದರ್ರಿ. ಮುಖಂಡಿ ನಾ ಅದೀನಿ."

ಕಾಮಣ್ಣನ ಕೈಯಿಂದ ಪೆನ್ನು ಬಿತ್ತು. ಸತ್ಯಪ್ಪನವರು ಬೆರಗಿನಲ್ಲಿಯೇ ಕೂತುಬಿಟ್ಟರು.

ಸುಲ್ತಾನಾ ಕಡತ ಬಿಚ್ಚಿ, ಮೇಲಿನಿಂದ ಒಂದೊಂದೇ "ಪರಿಶೀಲಿಸಿ ಮಂಡಿಸಿ"ಯನ್ನು ಸಹಿಯ ಸಮೇತ ಗಟ್ಟಿಯಾಗಿ ಓದಿದಳು. ಮೂರನೆಯದಕ್ಕೆ ಅಥಣಿಯವರ ಬೆಂಚಿನಲ್ಲಿ ನಗು ಶುರುವಾಯಿತು. ಕಾಮಣ್ಣನ ಸಾಲಿಗೆ ಬಂದಾಗ ಅಪೂರ್ವ ಮೇಡಂ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹಂಗಾರ ತಪ್ಪು ಯಾರ್ದು?" ಎಂದು ಕೇಳಿದಳು ಮೇಡಂ.

"ಮದ್ಲ ನಂದ್ರಿ. ಪ್ರಶ್ನಿ ನನ್ನ ಕೈಯಾಗ ಕೊಟ್ಟಿದ್ರಿ, ನಾ ಮ್ಯಾಲ ಕಳಿಸಿದೆ. ಮ್ಯಾಲಿನವ್ರು ಕೆಳಗ ಕಳಿಸಿದ್ರು. ಎಲ್ಲಾರೂ ಸಹಿ ಮಾಡೀವಿ, ಒಬ್ಬರೂ ಓದಿಲ್ಲ. ನಮ್ಮ ಕಡೆ ಸತ್ತೆವ್ವ ಅಂತ ಒಬ್ಬಾಕಿ ಆಯಿ ಬರ್ತಾಳ. ಆಕೀ ಹೊಲದ ದಾರಿ ಅರ್ಜಿನೂ ಹಿಂಗ ತಿರಗಾಕತ್ತೈತಿ. ಕಡತದಾಗ ಎಷ್ಟ ಹುಡಕಿದ್ರೂ ದಾರಿ ಕಾಣಂಗಿಲ್ರಿ, ಹೊಲಕ್ಕ ಹೋದ್ರ ಕಾಣ್ತೈತಿ." ಕಡತ ಮುಚ್ಚಿ ಸೇರಿಸಿದಳು, "ಇದು ನನ್ನ ಸ್ವಂತ ಅಭಿಪ್ರಾಯ. ಯಾರ ಆದೇಶದ ಮೇರೆಗೂ ಅಲ್ರಿ."

ಮೇಡಂ ನಗುತ್ತ ಹೇಳಿದಳು: "ಗುಂಪು ಪಾಸು."

ಚಪ್ಪಾಳೆ ಬಿತ್ತು. ಸತ್ಯಪ್ಪನವರು ಮಾತ್ರ ಅದು ಮುಗಿಯುವ ಮೊದಲೇ ಎದ್ದುಹೋದರು. ಬೈಕಿನ ಹಿಂದೆ ಕೂತ ಸುಲ್ತಾನಾಳಿಗೆ ಪಾಸಾದ ಖುಷಿಗೆ ಅಳು ಬಂತು, ನಾಳಿನ ಹೆದರಿಕೆಗೂ ಅಳು ಬಂತು. "ನೀರಾಗ ಇಳದ ಮ್ಯಾಲ ಚಳಿ ಏನು, ಮಳಿ ಏನು," ಎಂದು ಉಸ್ಮಾನ ಗಾಳಿಯಲ್ಲೂ ಕೇಳುವಂತೆ ಕೂಗಿದ.

ಸೋಮವಾರ ಸಾಹೇಬರು ಗಂಟೆ ಬಾರಿಸಿ ಕರೆಯಲಿಲ್ಲ. ತಾವೇ ನಡೆದು ಆಕೆಯ ಮೇಜಿಗೆ ಬಂದರು. ಆ ಕಚೇರಿಯಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ. ಸುಲ್ತಾನಾ ಎದ್ದ ರಭಸಕ್ಕೆ ಕುರ್ಚಿ ಹಿಂದೆ ಬಿತ್ತು.

"ಕುಂದರ್ರಿ ಬಾಯಾರ. ನಿನ್ನಿ ನೀವು ಅಂದ್ರಿ, ನಾ ಕುಂತೆ. ಇವತ್ತ ನಾ ಅಂತೀನಿ, ನೀವು ಕುಂದರ್ರಿ." ಅವರ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಕೈಯಲ್ಲಿ ಸತ್ತೆವ್ವನ ಅರ್ಜಿಯಿತ್ತು. "ರಾತ್ರಿ ನಿದ್ದಿ ಹತ್ಲಿಲ್ಲ. ಇದನ್ನ ಈಗ ಮದ್ಲನೇ ಸಲ ಓದಿದೆ. ಏನ್ ಮಾಡೂದು? ನಿಮ್ಮ ಅಭಿಪ್ರಾಯ ಹೇಳ್ರಿ."

"ಸಾಹೇಬ್ರು ಹ್ಯಾಂಗ..." ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಸುಲ್ತಾನಾ ಅದನ್ನು ನುಂಗಿದಳು.

"ಜೀಪ್ ತೆಗಸ್ರಿ."

ಹೊಲದ ಬಳಿ ಜೀಪು ನಿಂತ ಕೂಡಲೇ ನೆರೆಹೊಲದವನಿಗೆ ಹಳೆಯ ದಾರಿಯ ನೆನಪು ತಾನಾಗಿಯೇ ಬಂತು. ಸಾಹೇಬರು ಊರ ನಕ್ಷೆ ಹಿಡಿದು ನಡೆದು ತೋರಿಸಿದರು. ಅವನು ತಲೆ ಕೆರೆದುಕೊಳ್ಳುತ್ತ ಕುಡುಗೋಲು ತರಿಸಿದ. ಮಧ್ಯಾಹ್ನದ ಹೊತ್ತಿಗೆ ಕಬ್ಬಿನ ನಡುವೆ ಬಂಡಿ ಹೋಗುವಷ್ಟು ಬೆಳಕು ಬಿದ್ದಿತ್ತು.

ಸತ್ತೆವ್ವ ಆ ದಾರಿಯ ನಡುವೆ ನಿಂತು ಒಬ್ಬೊಬ್ಬರನ್ನೇ ನೋಡಿದಳು. "ಇಷ್ಟ ಸಣ್ಣ ಕೆಲಸಕ್ಕ ಇಷ್ಟ ದಿನಾ ಯಾಕ್ರಿ ಬೇಕಾತು?"

ಜೊತೆಗೆ ಬಂದಿದ್ದ ಕಾಮಣ್ಣ ರೂಢಿಯಂತೆ ಸಾಹೇಬರನ್ನು ನೋಡಿದ. ಸಾಹೇಬರು ಸುಲ್ತಾನಾಳನ್ನು ನೋಡಿದರು. ಸುಲ್ತಾನಾ ಈ ಸಲ ಯಾರನ್ನೂ ನೋಡಲಿಲ್ಲ.

"ಏನ್ ಮಾಡೂದ ಆಯಿ, ನಾವು ಇನ್ನಾ ಸಾಲಿ ಕಲ್ಯಾಕತ್ತೀವಿ."

"ಕಲೀರವ್ವಾ, ಕಲೀರಿ," ಎಂದಳು ಸತ್ತೆವ್ವ ಸೆರಗು ಸಿಕ್ಕಿಸಿಕೊಂಡು ತನ್ನ ಕಬ್ಬಿನ ಕಡೆ ನಡೆಯುತ್ತ. "ಆದ್ರ ಹೊಲಕ್ಕ ಬಂದ ಕಲೀರಿ. ನಿಮ್ಮ ಸಾಲಿ ಮುಗಿಯೂತನಾ ಕಬ್ಬ ನಿಂದ್ರೂದಿಲ್ಲ."