ಮೇಲಿನ ತುದಿ

"ಒಂದು, ಎರಡು, ಮೂರು. ಎಳೆ ತಿರುಗಿಸಿದೆ. ದೀಪ ಬಂತಾ ಭಾವ?"

"ದೀಪಾನೂ ಇಲ್ಲ, ದೆವ್ವಾನೂ ಇಲ್ಲ," ಎಂದಿತು ಫೋನು.

ಅವಳು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹಾಸಿಗೆಯ ಹೊದಿಕೆಗಳನ್ನಿಡುವ ಕೋಣೆಯಲ್ಲಿ, ಏಣಿಯ ಮೇಲಿದ್ದಳು. ಅಕ್ಕನ ಗಂಡ, ಅಂದರೆ ಅವಳ ಸೂಪರ್‌ವೈಸರ್, ನೆಲಮಹಡಿಯಲ್ಲಿದ್ದ. ಇಬ್ಬರ ಎದುರಿಗೂ ಒಂದೊಂದು ನೆಟ್‌ವರ್ಕ್ ಸ್ವಿಚ್ಚು, ನಡುವೆ ಗೋಡೆಯೊಳಗೆ ಇಳಿದ ಫೈಬರ್ ಕೇಬಲ್. ಅದರಲ್ಲಿ ಎರಡು ಎಳೆ. ಒಂದರಲ್ಲಿ ಬೆಳಕು ಹೋಗುತ್ತದೆ, ಇನ್ನೊಂದರಲ್ಲಿ ಬರುತ್ತದೆ. ಈ ಕಡೆ ಕಳಿಸುವ ತೂತಿನಿಂದ ಹೊರಟ ಎಳೆ ಆ ಕಡೆಯೂ ಕಳಿಸುವ ತೂತಿಗೇ ಹೋಗಿ ಕೂತರೆ ದೀಪ ಹತ್ತುವುದಿಲ್ಲ. ಆಗ ಎಳೆಗಳನ್ನು ಅದಲು ಬದಲು ಮಾಡಬೇಕು, ಒಂದೇ ತುದಿಯಲ್ಲಿ. ಅದು ಮೇಲಿನ ತುದಿಯವರ ಕೆಲಸ ಎಂದು ಕಂಪನಿಯ ನಿಯಮ. ಕೆಳಗಿನವರು ಕೈ ಕಟ್ಟಿಕೊಂಡು ನೋಡಬೇಕು.

ಭಾವ ಕೈ ಕಟ್ಟಿಕೊಂಡಿದ್ದನ್ನು ಯಾರೂ ಕಂಡಿಲ್ಲ. ತನ್ನ ಮದುವೆಯ ದಿನ ಫೋಟೋಗ್ರಾಫರನ ಕ್ಯಾಮೆರಾವನ್ನು ತಾನೇ ರಿಪೇರಿ ಮಾಡಿದ್ದ. ಆಲ್ಬಮ್ಮಿನಲ್ಲಿ ಫೋಟೋಗಳಿಲ್ಲ.

"ಐದು ಸಲ ಆಯ್ತು, ಕೇಬಲ್ಲೇ ಸತ್ತಿದೆ. ಗೋಡೆ ಒಡೆಸ್ಬೇಕು," ಎಂದ.

ಗೋಡೆ ಒಡೆದರೆ ವರದಿಯಲ್ಲಿ ಯಾರದಾದರೂ ತಪ್ಪು ಬರೆಯಬೇಕು. ಅವಳ ಲೆಕ್ಕಕ್ಕೆ ಆಗಲೇ ಎರಡು ತಪ್ಪು ಬಿದ್ದಿದ್ದವು. ಎರಡನ್ನೂ ಭಾವನೇ ಬರೆದಿದ್ದ. ಮೂರನೆಯದು ಬಿದ್ದರೆ ಈ ಕೆಲಸ ಹೋಗಿ, ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತ ಕೂರಬೇಕು.

ಅವಳು ಸ್ವಲ್ಪ ಯೋಚಿಸಿದಳು.

"ಭಾವ, ಫೋನ್ ಸ್ಪೀಕರಿಗೆ ಹಾಕಿ ಕೆಳಗಿಡಿ. ಚಪ್ಪಾಳೆ ತಟ್ಟಿ."

"ಯಾರಿಗೆ?"

"ಯಾರಿಗಾದ್ರೂ ತಟ್ಟಿ. ನಾನು ಸಾಕು ಅನ್ನೋವರ್ಗೂ ನಿಲ್ಲಿಸ್ಬೇಡಿ."

ಚಪ್ಪಾಳೆ ಕೇಳಿಸಿತು, ಸರ್ಕಾರಿ ಸಮಾರಂಭದ ಮೊದಲ ಸಾಲಿನಲ್ಲಿ ಕೂತವರು ತಟ್ಟುವ ಹಾಗೆ. ಅವಳು ಎಳೆಗಳನ್ನು ಕಿತ್ತು ಅದಲು ಬದಲು ಮಾಡಿ ಸಿಕ್ಕಿಸಿದಳು. ಹಸಿರು ದೀಪ ಹತ್ತಿತು. ಕೆಳಗೆ ಚಪ್ಪಾಳೆ ನಿಂತಿತು.

"ಬಂತು," ಎಂದ ಭಾವ. ಆಮೇಲೆ, "ಹೇಗೆ ಬಂತು?"

"ಇಷ್ಟು ಹೊತ್ತು ನಾನು ಮೂರು ಅಂದಾಗೆಲ್ಲ ನೀವೂ ಕೆಳಗೆ ಎಳೆ ತಿರುಗಿಸ್ತಿದ್ರಿ."

"ನಿಂಗೆ ಸಹಾಯ ಆಗ್ಲಿ ಅಂತ."

"ಐದು ಸಲ?"

"ಐದು ಸಲಾನೂ ನಿಂಗೇ ಸಹಾಯ."

ಹತ್ತು ನಿಮಿಷದ ನಂತರ ಅವನು ವರದಿ ಹಿಡಿದು ಮೇಲೆ ಬಂದ. ತಡವಾದದ್ದಕ್ಕೆ ಕಾರಣ ಆಗಲೇ ಬರೆದಾಗಿತ್ತು: ಮೇಲಿನ ತುದಿಯಲ್ಲಿ ತಪ್ಪು. ಕೆಳಗೆ ಅವಳ ಸಹಿಗೆ ಜಾಗ ಬಿಟ್ಟಿದ್ದ, ಧಾರಾಳವಾಗಿ.

"ನೋಡು, ನಂದು ಅಂತ ಬರೆದ್ರೆ ನನ್ನ ಬಡ್ತಿ ಹೋಗತ್ತೆ. ನಿಂದು ಅಂದ್ರೆ ಬರೀ ಗೋದಾಮು. ಅಲ್ಲಿ ಏನು ಕಮ್ಮಿ? ಫ್ಯಾನಿದೆ. ಒಳ್ಳೆ ಕುರ್ಚಿ ಕೊಡಿಸ್ತೀನಿ, ಚಕ್ರ ಇರೋದು. ನೀನು ಏಣಿ ಹತ್ತೋದು ನಿಮ್ಮಕ್ಕಂಗೂ ಇಷ್ಟ ಇಲ್ಲ."

ಪೆನ್ನಿನ ಮುಚ್ಚಳ ತಾನೇ ತೆಗೆದು ಅವಳತ್ತ ಚಾಚಿದ.

"ಕುರ್ಚಿ ಬೇಡ ಭಾವ. ಸೈನ್ ಹಾಕಲ್ಲ."