ಸೆನ್ಯೋರಾ ಕೊಟ್ಟ ಕರಿ ಬೂಟು

“ಕೆಸರುಗಾಲು ಹಂಗೇ ಒಳಗೆ ತೂರಿಸ್ಬೇಡ. ಮೊದ್ಲು ಇದು ಹಾಕ್ಕೋ,” ಎಂದು ಬೂಟಿನ ಅಂಗಡಿಯ ಹುಡುಗಿ ಒಂದು ಪ್ಲಾಸ್ಟಿಕ್ ಚೀಲವನ್ನು ರೋವೆನಾಳ ಮಡಿಲಿಗೆ ಎಸೆದಳು. “ನಿಮ್ಮಂಥ ಕಬ್ಬಿನ ಜನ ಬಂದು ಹೋದ್ಮೇಲೆ ಒರೆಸೋಳು ನಾನು.”

ರೋವೆನಾ ಅಪ್ಪನ ಮುಖ ನೋಡಿದಳು. ಜೀಪಿನಿಂದ ಇಳಿದ ಕೂಡಲೇ ತೆರ್ಯೊ ಮಾರ್ಕೆಟ್ಟಿನ ನಲ್ಲಿಯಡಿ ಮಗಳ ಕಾಲನ್ನು ತಾನೇ ಉಜ್ಜಿ ತೊಳೆದಿದ್ದ. ಹಿಮ್ಮಡಿಯ ಬಿರುಕಿನಲ್ಲಿ ಕೂತ ಮಣ್ಣು ಮಾತ್ರ ಹೋಗಿರಲಿಲ್ಲ. ತೊಳ್ಕೊಂಡೇ ಬಂದವಳೆ ಕಣವ್ವ ಎನ್ನಬೇಕೆಂದು ಬಾಯಿ ತೆರೆದವನು, “ಹಾಕ್ಕೋ ಮಗ” ಎಂದ.

ಹತ್ತು ವರ್ಷದ ಹುಡುಗಿ ಕಾಲಿಗೆ ಚೀಲ ಸುತ್ತಿಕೊಂಡು ಅದರ ಮೇಲೆ ಕರಿ ಬೂಟು ಎಳೆದುಕೊಂಡು ಎದ್ದು ನಿಂತಳು. ಎರಡು ಹೆಜ್ಜೆ ಹಾಕಿ ತೋರಿಸಿದಳು.

“ಸರೀಗದೆ ಅಪ್ಪಾ.”

ತೆರ್ಯೊ ಬಗ್ಗಿ ಬೂಟಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿದ. ಒಳಗೆ ಬೆರಳುಗಳು ಮುದುರಿಕೊಂಡು ಕೂತಿದ್ದವು. ಅಳತೆ ಚಿಕ್ಕದಾದಷ್ಟೂ ರೇಟು ಕಮ್ಮಿ ಎಂಬುದನ್ನು ಹುಡುಗಿ ಆಗಲೇ ಗಮನಿಸಿಬಿಟ್ಟಿದ್ದಳು. ಅದು ಅವನಿಗೂ ತಿಳಿಯಿತು. ತಿಳಿದೂ, “ಸರೀಗದೆ ಅಂದ್ರೆ ಸರಿ ಬಿಡು” ಎಂದ. ಆಮೇಲೆ ಬೆಲೆ ಕೇಳಿದ. ಕೇಳಿದವನು ಬೂಟು ಬಿಚ್ಚಲು ತಾನೇ ಕೂತ.

“ತಗೊಳ್ಳೋ ಯೋಗ್ಯತೆ ಇಲ್ದಿದ್ರೆ ಯಾಕೆ ಕಾಲಿಗೆ ಹಾಕಿ ನೋಡ್ತೀರಿ?” ಎಂದಳು ಅಂಗಡಿಯ ಹುಡುಗಿ. ಅವಳ ಸಿಟ್ಟೂ ಅರ್ಧ ನಿದ್ದೆಯಲ್ಲಿತ್ತು. ಶಾಲೆ ಶುರುವಾಗುವ ವಾರ. ಬೆಳಗಿನಿಂದ ಅವಳು ಕೂತಿರಲಿಲ್ಲ.

ಪುಸ್ತಕದ ಅಂಗಡಿಯ ಕೌಂಟರಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಛತ್ರಿ ಹಿಡಿದವರು, ಕೈಚೀಲ ಹಿಡಿದವರು ತೆರ್ಯೊನ ಭುಜದ ಮೇಲಿಂದಲೇ ಕೈ ಚಾಚಿ ಸಾಮಾನು ತೆಗೆದುಕೊಂಡು ಹೋದರು. ಅಗ್ಗದ ನೋಟ್‌ಬುಕ್ಕುಗಳು ಮಧ್ಯಾಹ್ನಕ್ಕೇ ಮುಗಿದಿದ್ದವು. ಅವನ ಸರದಿ ಬಂದಾಗ ಅಂಗಡಿಯವನು ಕೇಳಿದ್ದೇನೆಂದು ಅರ್ಥವಾಗಲಿಲ್ಲ. ಹೂಂ ಎಂದ. ಕಾಗದದ ಕಟ್ಟು ಕೈಗೆ ಬಂತು, ಹಣ ಹೋಯಿತು. ಬೀದಿಗೆ ಬಂದ ಮೇಲೆ ರೋವೆನಾ ಕಟ್ಟನ್ನು ತಿರುಗಿಸಿ ನೋಡಿದಳು.

“ಅಪ್ಪಾ, ಇದು ಎರಡ್ನೇ ಕ್ಲಾಸ್ನೋರ್ದು. ದಪ್ಪ ಗೆರೆ. ನಮ್ ಟೀಚರ್ ಇದ್ರಲ್ಲಿ ಬರ್ದ್ರೆ ತಗೊಳ್ಳಾಕಿಲ್ಲ.”

ಅವನು ವಾಪಸ್ಸು ಹೋದ. ಮಾರಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೋಡೆಯ ಮೇಲೆ ಬರೆದಿದೆಯಲ್ಲ, ಕಣ್ಣು ಕಾಣುವುದಿಲ್ಲವೇ ಎಂದು ಅಂಗಡಿಯವನು ಕೇಳಿದ. ಅಕ್ಷರ ಬರದ ತೆರ್ಯೊ ಗೋಡೆಯ ಕಡೆ ನೋಡಿ ತಲೆಯಾಡಿಸಿ ಬಂದು ಮಗಳ ಮೇಲೆ ರೇಗಿದ. “ಗೆರೆ ದಪ್ಪ ಇದ್ರೇನು, ಸಣ್ಣ ಇದ್ರೇನು? ಅದ್ರಲ್ಲೇ ಬರಿ. ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ?”

ರೋವೆನಾ ಕಟ್ಟನ್ನು ಎದೆಗವಚಿಕೊಂಡು ನಡೆದಳು. ಹುಡುಗಿ ಏನನ್ನೂ ಬೇಕೆನ್ನಲಿಲ್ಲ. ಅದೇ ಅವನಿಗೆ ಚುಚ್ಚುತ್ತಿತ್ತು.

ಕಟಾವು ಮುಗಿದು ಸಕ್ಕರೆ ಕಾರ್ಖಾನೆಯ ಚಿಮಣಿ ತಣ್ಣಗಾದ ಮೇಲೆ, ಮತ್ತೆ ಕೂಲಿ ಹುಟ್ಟುವವರೆಗಿನ ತಿಂಗಳುಗಳಿಗೆ ನೆಗ್ರೋಸ್ ದ್ವೀಪದ ಕಬ್ಬಿನ ಜನ ಸತ್ತ ಕಾಲ ಎನ್ನುತ್ತಾರೆ. ಶಾಲೆಯ ಬಾಗಿಲು ತೆರೆಯುವುದೂ ಸತ್ತ ಕಾಲದಲ್ಲೇ. ಈ ವರ್ಷ ಕಟಾವು ಮುಗಿದ ಕೂಡಲೇ, ಒಲೆ ಉರಿಸುವುದು ಹೇಗೆಂದು ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ವಿಧವೆ ಚಾರಿಂಗಕ್ಕ ದೂರದ ತಂಗಿಯ ಮನೆಯಿಂದ ಒಂದು ಮೂಟೆ ಗೆಣಸಿನ ಬಳ್ಳಿ ಹೊತ್ತು ತಂದಳು. ಹೊಳೆಯ ದಂಡೆಯಲ್ಲಿ ಎಸ್ಟೇಟಿನವರು ವರ್ಷಗಟ್ಟಲೆ ಪಾಳು ಬಿಟ್ಟ ನೆಲವಿತ್ತು. “ಯಾವನಪ್ಪನ್ ಗಂಟು ಓಯ್ತದೆ, ನೆಡ್ರೋ” ಎಂದಳು. ಏಳೆಂಟು ಮನೆಯವರು ಸೇರಿ ನೆಟ್ಟರು. ತೆರ್ಯೊ ಸಾಲು ಹೊಡೆದ. ತುಂಬಿದ ಬಸುರಿಯಾಗಿದ್ದ ಅವನ ಹೆಂಡತಿ ನೀದಾ ಕೂತಲ್ಲೇ ಬಳ್ಳಿ ತುಂಡು ಮಾಡಿದಳು. ರೋವೆನಾ ಮತ್ತು ಚಾರಿಂಗಕ್ಕನ ಮೊಮ್ಮಗಳು ಎಡ್ನಾ ಡಬ್ಬದಲ್ಲಿ ನೀರು ಹೊತ್ತರು.

ಆ ಸಂಜೆ ಅಪ್ಪ ಮಗಳು ಪೇಟೆಯಿಂದ ಬಂದು ಜೀಪಿಳಿದು ಕಾಲುದಾರಿ ಹಿಡಿದಾಗ ಎಸ್ಟೇಟಿನ ಒಡತಿ ಸೆನ್ಯೋರಾಳ ಮೇಸ್ತ್ರಿ ನೆಮೆಸ್ಯೊ ಮೋಟಾರ್‌ಬೈಕು ಅಡ್ಡ ನಿಲ್ಲಿಸಿಕೊಂಡು ಕಾಯುತ್ತಿದ್ದ.

“ಏನ್ಲಾ, ಮಗಳಿಗೆ ಪೇಟೇನೇ ಹೊತ್ಕೊಂಡ್ ಬಂದಂಗದೆ,” ಎಂದು ಕಾಗದದ ಕಟ್ಟು ನೋಡಿ ನಕ್ಕ. “ಭಾನ್ವಾರ ಚರ್ಚ್‌ತಾವ ಬಾ. ಸೆನ್ಯೋರಾ ಮಕ್ಕಳಿಗೆ ಬ್ಯಾಗು, ಬೂಟು, ಎಲ್ಲಾ ಕೊಡ್ತಾವ್ರೆ. ನಿನ್ ಮಗಳ ಹೆಸ್ರು ನಾನೇ ಹೇಳಿದೀನಿ.”

“ಪುಣ್ಯ ಬರ್ಲಿ ಅಣ್ಣ.”

“ಪುಣ್ಯ ಆಮೇಲ್ ಬರ್ಲಿ. ಹೊಳೆದಂಡೇಲಿ ಗೆಣಸು ಯಾವ ಸೂಳೇಮಗ ಶುರು ಮಾಡ್ದ ಅಂತ ಅವರು ಕೇಳ್ತಾರೆ. ಬಾಯಲ್ಲಿ ನಾಲ್ಗೆ ಇಟ್ಕೊಂಡು ಬಾ.”

ಹೋಗುವುದಿಲ್ಲ ಎಂದು ತೆರ್ಯೊ ಶನಿವಾರ ರಾತ್ರಿಯವರೆಗೂ ಅಂದುಕೊಂಡಿದ್ದ. ಭಾನುವಾರ ಬೆಳಿಗ್ಗೆ ಎದ್ದರೆ ರೋವೆನಾ ಅಂಗಳದಲ್ಲಿ ಕೂತು ತೆಂಗಿನ ನಾರಿನಿಂದ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದಳು. ಬಿರುಕು ಒಡೆದು ರಕ್ತ ಜಿನುಗಿತ್ತು. ಅವನು ಅಂಗಿ ಹಾಕಿಕೊಂಡ.

ಚರ್ಚಿನ ಮುಂದೆ ಮೇಜಿನ ಮೇಲೆ ನೀಲಿ ಬ್ಯಾಗುಗಳ ಗುಡ್ಡೆ ಇತ್ತು. ಪ್ರತಿ ಬ್ಯಾಗಿನ ಮೇಲೂ ಸೆನ್ಯೋರಾಳ ಮನೆತನದ ಹೆಸರು ಅಚ್ಚಾಗಿತ್ತು. ಸೆನ್ಯೋರಾ ಬೀಸಣಿಗೆ ಆಡಿಸುತ್ತಾ ಕೂತಿದ್ದಳು, ಪಕ್ಕದಲ್ಲಿ ಪಾದ್ರಿ. ಮಕ್ಕಳು ಸಾಲಾಗಿ ನಿಂತು ವಂದನೆಯ ಹಾಡು ಹೇಳಿದರು. ಮೇಸ್ತ್ರಿ ಫೋನು ಹಿಡಿದು, “ಹಲ್ಲು ತೋರ್ಸ್ರೋ, ಸಾವಿಗ್ ಬಂದಂಗೆ ನಿಂತವ್ರೆ” ಎಂದು ಗದರಿ ಫೋಟೊ ತೆಗೆದ. ಹಿಂದಿನ ಸಾಲಿನಲ್ಲಿ ಚಾರಿಂಗಕ್ಕ ಎಡ್ನಾಳ ಕೈ ಹಿಡಿದು ನಿಂತಿದ್ದಳು.

ರೋವೆನಾಳ ಹೆಸರು ಕರೆದಾಗ ಅಪ್ಪ ಮಗಳು ಇಬ್ಬರೂ ಮುಂದೆ ಹೋದರು. ಸೆನ್ಯೋರಾ ಪೆಟ್ಟಿಗೆಯಿಂದ ಬೂಟು ತೆಗೆದು, “ಹಾಕ್ಕೊಂಡು ನೋಡು ಕಂದ” ಎಂದಳು. ಕಾಲಿಗೆ ಚೀಲ ಕಟ್ಟಿಕೋ ಎನ್ನಲಿಲ್ಲ. ಬೂಟು ಹೇಳಿ ಮಾಡಿಸಿದ ಹಾಗೆ ಕೂತಿತು. ರೋವೆನಾ ಒಳಗೆ ಬೆರಳುಗಳನ್ನು ಆಡಿಸಿದ್ದು ಮೇಲಿನಿಂದಲೇ ಕಂಡಿತು.

ಸೆನ್ಯೋರಾ ಬ್ಯಾಗನ್ನು ಎತ್ತಿದಳು. ಕೊಡದೆ ತನ್ನ ತೊಡೆಯ ಮೇಲಿಟ್ಟುಕೊಂಡಳು.

“ತೆರ್ಯೊ, ಆ ದಂಡೆ ನಮ್ಮದು ಅಂತ ನಿನಗೆ ಗೊತ್ತಲ್ಲವಾ?”

“ಗೊತ್ತು ಸೆನ್ಯೋರಾ.”

“ಯಾರ ತಲೆಗೆ ಬಂತು ಈ ಯೋಚನೆ? ನಾನೇನು ಪೊಲೀಸಿನವಳಾ, ಹೆದರೋಕೆ? ನಮ್ಮ ಜನದಲ್ಲಿ ಯಾರು ಹಾಗೆ ಅಂತ ನನಗೆ ತಿಳಿದಿರಲಿ, ಅಷ್ಟೆ.”

“ದೇವರ ಮನೆ ಮುಂದೆ ಸುಳ್ಳು ಹೇಳಬಾರದು ಮಗ” ಎಂದ ಪಾದ್ರಿ, ಗೋಡಂಬಿ ಅಗಿಯುತ್ತಾ.

ಎಲ್ಲರೂ ಸೇರಿ ನೆಟ್ವಿ ಅನ್ನಬಹುದಿತ್ತು. ನಾನೇ ಸಾಲು ಹೊಡೆದೆ ಅನ್ನಬಹುದಿತ್ತು. ಗೊತ್ತಿಲ್ಲ ಎಂದು ದನದ ಹಾಗೆ ನಿಂತಿರಬಹುದಿತ್ತು. ಬಡವರಿಗೆ ಅದು ಯಾವಾಗಲೂ ಇದ್ದ ದಾರಿ. ತೆರ್ಯೊ ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಬಿದ್ದದ್ದು ಆ ಬೂಟು.

“ಚಾರಿಂಗಕ್ಕ” ಎಂದ.

ಬೀಸಣಿಗೆ ನಿಂತಿತು. ಸೆನ್ಯೋರಾ ಬ್ಯಾಗನ್ನು ರೋವೆನಾಳ ಹೆಗಲಿಗೆ ತಾನೇ ಏರಿಸಿ, ಫೋಟೊಗೆ ಮುಖ ಕೊಟ್ಟಳು. ಹಿಂದಿನ ಸಾಲಿನ ಹೆಂಗಸರು ಚಾರಿಂಗಕ್ಕನಿಂದ ಒಂದೊಂದು ಹೆಜ್ಜೆ ಸರಿದರು. ಎಡ್ನಾ, “ಅಜ್ಜಿ, ನನ್ನ ಕರೀಲೇ ಇಲ್ವಲ್ಲ” ಎಂದಳು. ಮುದುಕಿ ಅವಳ ಕೈ ಹಿಡಿದು ಗೇಟಿನಾಚೆ ನಡೆದುಬಿಟ್ಟಳು.

ಮನೆಯಲ್ಲಿ ನೀದಾ ತಿಂಗಳ ಕೂಸಿಗೆ ಹಾಲು ಕೊಡುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಬ್ಯಾಗನ್ನು ನೋಡಿದಳು, ಗಂಡನನ್ನು ನೋಡಿದಳು.

“ಈ ಕೂಸು ಅಡ್ಡ ತಿರುಗಿದ್ದಾಗ ಕೈ ಹಾಕಿ ಎಳ್ದೋಳು ಯಾರು?”

“ನಂಗೇನ್ ಗೊತ್ತಿಲ್ವಾ?”

“ಗೊತ್ತಿದ್ದೂ ಹೇಳ್ದಲ್ಲ, ಅದಕ್ಕೇ ಕೇಳ್ದೆ” ಎಂದು ಗೋಡೆಯ ಕಡೆ ತಿರುಗಿದಳು. ಅಂದು ಒಲೆಯ ಮೇಲೆ ಅನ್ನವಿತ್ತು, ಒಣಮೀನಿತ್ತು. ತಟ್ಟೆಗೆ ಬಡಿಸುವವರಿರಲಿಲ್ಲ.

ಸೋಮವಾರ ರೋವೆನಾ ಹೊಸ ಬೂಟು, ನೀಲಿ ಬ್ಯಾಗು ಹಾಕಿಕೊಂಡು ಶಾಲೆಗೆ ಹೋದಳು. ಸಂಜೆ ಬರುವಾಗ ಬೂಟು ಕೈಯಲ್ಲಿತ್ತು.

“ಕಚ್ತದಾ?” ತೆರ್ಯೊ ಕೇಳಿದ.

“ಇಲ್ಲ.”

“ಮತ್ಯಾಕೆ ಬರಿಗಾಲು?”

“ಎಡ್ನಾ ಸ್ಕೂಲಿಗೆ ಬರ್ಲಿಲ್ಲ.” ಬೂಟನ್ನು ಗುಡಿಸಲಿಗೆ ಹತ್ತುವ ಏಣಿಯ ಕೆಳಗೆ ಜೋಡಿಸಿಟ್ಟು, ಒಂದು ಕಾಲಿನ ಧೂಳನ್ನು ಇನ್ನೊಂದಕ್ಕೆ ಉಜ್ಜುತ್ತಾ ನಿಂತಳು. “ಅಪ್ಪಾ, ಗೆಣಸು ನಾವೂ ನೆಟ್ಟಿದ್ವಲ್ವಾ?”

ಅವಳು ಕೇಳಿದ್ದು ಅಷ್ಟೆ. ತೆರ್ಯೊ ಹೊಡೆದ. ಈವರೆಗೆ ಮಗಳ ಮೇಲೆ ಕೈ ಮಾಡಿದವನಲ್ಲ. ಹುಡುಗಿ ಅಳಲಿಲ್ಲ, ಕೆನ್ನೆ ಮುಟ್ಟಿಕೊಂಡು ಒಳಗೆ ಹೋಗಿ ತಾಯಿಯ ಬೆನ್ನಿಗೆ ಆತು ಕೂತಳು. ಅವನು ಹೊರಗೇ ಉಳಿದ. ಹೊಡೆದ ಅಂಗೈಯನ್ನು ಚಡ್ಡಿಗೆ ಮತ್ತೆ ಮತ್ತೆ ಒರೆಸಿಕೊಂಡ.

ಬೆಳಕು ಹರಿಯುತ್ತಲೇ ಮೇಸ್ತ್ರಿಯ ಬೈಕು ಬಾಗಿಲಿಗೆ ಬಂತು.

“ಎದ್ದೇಳೋ. ಸತ್ತ ಕಾಲ್ದಲ್ಲಿ ನಿಂಗೊಬ್ಬಂಗೇ ಕೂಲಿ. ಸೆನ್ಯೋರಾ ಹೇಳವ್ರೆ. ಹೊಳೆದಂಡೇಲಿ ಯಾವ ಸಾಲು ಎಲ್ಲಿಗಂಟ ಅದೆ ನಿಂಗೇ ಗೊತ್ತು. ಮುಂದ್ಗಡೆ ಬಳ್ಳಿ ಕಿತ್ಕೊಂಡ್ ಹೋಗು, ಹಿಂದ್ಗಡೆ ಟ್ರ್ಯಾಕ್ಟರು ಬತ್ತದೆ.”

ತೆರ್ಯೊ ಮಚ್ಚು ತೆಗೆದುಕೊಂಡು ಬೈಕಿನ ಹಿಂದೆ ನಡೆದ. ನೀದಾ ತಡೆಯಲಿಲ್ಲ. ದಾರಿಯುದ್ದಕ್ಕೂ ಬಾಗಿಲುಗಳಲ್ಲಿ ಜನ ನಿಂತಿದ್ದರು. ಯಾರೂ ಉಗುಳಲಿಲ್ಲ. ಉಗುಳಿದ್ದರೆ ಚೆನ್ನಾಗಿತ್ತು ಎನಿಸಿತು.

ಹೊಳೆದಂಡೆಯಲ್ಲಿ ಬಳ್ಳಿ ನೆಲ ಕಾಣದಂತೆ ಹಬ್ಬಿತ್ತು. ಟ್ರ್ಯಾಕ್ಟರು ಬದುವಿನಾಚೆ ಹೊಗೆಯುಗುಳುತ್ತಿತ್ತು. ಎಸ್ಟೇಟಿನ ಕಾವಲಿನವರಿಬ್ಬರು ಬಂದೂಕು ಹಿಡಿದು ನೆರಳಲ್ಲಿ ಸಿಗರೇಟು ಸೇದುತ್ತಿದ್ದರು. ಸಾಲುಗಳ ನಡುವೆ, ಬಳ್ಳಿಯ ಮೇಲೇ, ಚಾರಿಂಗಕ್ಕ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಒಂದು ನೀರಿನ ಡಬ್ಬ.

“ಎದ್ದೋಗೇ ಮುದ್ಕಿ” ಎಂದು ಮೇಸ್ತ್ರಿ ಕೂಗಿದ. “ಜೈಲಿಗ್ ಹೋಯ್ತೀಯ.”

“ಜೈಲಲ್ಲಿ ಗಂಜಿ ಹಾಕ್ತಾರಂತೆ ಕಣೋ ನೆಮೆಸ್ಯೊ. ಇಲ್ಲಿ ಅದೂ ಇಲ್ಲ.”

ಕಾವಲಿನವರಲ್ಲೊಬ್ಬ ನಕ್ಕುಬಿಟ್ಟ. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. “ಏ ತೆರ್ಯೊ, ಆ ಕಡೆಯಿಂದ ಶುರು ಮಾಡು. ನಿನ್ ಕೈಯ್ಯಾರೆ ಅವಳ ಕುಂಡಿ ಕೆಳಗಿನ ಬಳ್ಳಿನೂ ಎಳಿ.”

ತೆರ್ಯೊ ಸಾಲಿಗಿಳಿದ. ಎಲೆಗಳ ಮೇಲಿನ ಇಬ್ಬನಿ ಮೊಣಕಾಲವರೆಗೂ ನೆನೆಸಿತು. ಸಾಲಿನ ತುದಿಯಲ್ಲಿ ಬಗ್ಗಿ ಬಳ್ಳಿಯೊಂದನ್ನು ಹಿಡಿದ. ಬುಡದಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಒಳಗೆ ಗೆಣಸು ದಪ್ಪವಾಗುತ್ತಿದೆ ಎಂದು ಕೈಗೆ ತಿಳಿಯಿತು. ಅವನು ಬಳ್ಳಿ ಬಿಟ್ಟ. ಮಚ್ಚನ್ನು ಹೊಳೆಗೆ ಬೀಸಿ ಎಸೆದ. ಆಮೇಲೆ ನೇರ ನಡೆದು ಚಾರಿಂಗಕ್ಕನ ಪಕ್ಕದಲ್ಲಿ ಕುಕ್ಕರಿಸಿದ.

“ಲೋ ಬೋಳಿಮಗನೇ, ಏನ್ ಮಾಡ್ತಿದೀಯ?” ಮೇಸ್ತ್ರಿ ಬದುವಿನಿಂದ ಕಿರುಚಿದ.

ಚಾರಿಂಗಕ್ಕ ತೆರ್ಯೊನ ಕಡೆ ತಿರುಗಲಿಲ್ಲ. ಹೊಳೆಯನ್ನು ನೋಡುತ್ತಲೇ ಹೇಳಿದಳು:

“ನನ್ ಪಕ್ಕ ಬ್ಯಾಡ. ಅಲ್ಲಿ ಹೋಗಿ ಕೂತ್ಕೋ.”

“ಅಕ್ಕ...”

“ನಿನ್ ಸಾಲು ಅಲ್ಲಿ ಅದೆ ನೋಡು. ಅಲ್ಲಿ ಕೂತ್ಕೋ.”

ತೆರ್ಯೊ ಎದ್ದ. ಎರಡು ಸಾಲು ದಾಟಿ, ತಾನು ಹೊಡೆದ ಸಾಲಿನ ಮೇಲೆ ಒಬ್ಬನೇ ಕೂತ. ಒದ್ದೆ ನೆಲದ ತಂಪು ಬೆನ್ನಿಗೇರಿತು. ಊರಿನ ಕಡೆಯ ದಿಬ್ಬದ ಮೇಲೆ ಜನ ಬಂದು ನಿಂತಿದ್ದರು. ಇಳಿಯಲೂ ಇಲ್ಲ, ಹೋಗಲೂ ಇಲ್ಲ. ಅವರ ನಡುವೆ ನೀದಾ ಇದ್ದಾಳೋ ಇಲ್ಲವೋ ಇಲ್ಲಿಂದ ಕಾಣುತ್ತಿರಲಿಲ್ಲ. ಮೇಸ್ತ್ರಿ ಕೈಯೆತ್ತಿ ಏನೋ ಸನ್ನೆ ಮಾಡಿದ. ಬದುವಿನಾಚೆ ಟ್ರ್ಯಾಕ್ಟರು ಗೇರಿಗೆ ಬಿತ್ತು.